ದೂರದ ಬೇಟೆಗೆ ಮೊದಲ ಸಾಮಾನು ಯಾವುದು? ಬಂದೂಕಲ್ಲ, ಬೈನಾಕ್ಯುಲರ್

ಅಮೆರಿಕದ ಬೇಟೆಗಾರರು ಅರ್ಧ ಮೈಲಿ ಆಚೆ ನಿಂತ ಜಿಂಕೆಗೆ ಗುರಿ ಇಡುವ ವಿಡಿಯೊಗಳು ಈಗ ದಾವಣಗೆರೆ, ಹರಿಹರದ ಹುಡುಗರ ಫೋನಿನಲ್ಲೂ ಓಡುತ್ತವೆ. ನೋಡಿದವರ ಮೊದಲ ಪ್ರಶ್ನೆ: ‘ನಾನೂ ಶುರು ಮಾಡ್ಬೇಕು, ಯಾವ ಸ್ಕೋಪ್ ತಗೊಳ್ಳಲಿ?’ ಸಾಮಾನಿನ ಮಾತಿಗೆ ಮುಂಚೆ ಕಾನೂನಿನ ಮಾತು ಮುಗಿಸಿಬಿಡೋಣ.

ಕಾನೂನು ಏನನ್ನುತ್ತೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಬೇಟೆಯನ್ನು ನಿಷೇಧಿಸಿದೆ. ಗುಂಡು ಹೊಡೆಯೋದು ಮಾತ್ರ ಬೇಟೆಯಲ್ಲ. ಉರುಳು ಹಾಕುವುದು, ವಿಷ ಇಡುವುದು, ಹಕ್ಕಿಯ ಗೂಡು-ಮೊಟ್ಟೆ ಹಾಳು ಮಾಡುವುದು ಕೂಡ ಬೇಟೆಯೇ. ಕೊಲ್ಲುವ ಪ್ರಯತ್ನ ಸಾಕು, ಪ್ರಾಣಿ ಸಾಯಲೇಬೇಕು ಅಂತಿಲ್ಲ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ವನ್ಯಧಾಮ ಇರುವುದೇ ಕೊಂಡುಕುರಿಗಾಗಿ. ಕೊಂಡುಕುರಿಯೂ ಕೃಷ್ಣಮೃಗವೂ ಮೊದಲ ಅನುಸೂಚಿಯ ಪ್ರಾಣಿಗಳು. 2022ರ ತಿದ್ದುಪಡಿಯ ಪ್ರಕಾರ ಇವುಗಳ ಬೇಟೆಗೆ 3ರಿಂದ 7 ವರ್ಷ ಜೈಲು, ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ.

‘ಬೆಳೆ ಕಾಯೋಕೆ ಅಂತ ನಮ್ಮನೇಲಿ ಲೈಸೆನ್ಸ್ ಇದೆಯಲ್ಲ’ ಅನ್ನುವವರಿಗೊಂದು ಮಾತು: ಅದು ಬಂದೂಕು ಇಟ್ಟುಕೊಳ್ಳುವ ಲೈಸೆನ್ಸ್, ಬೇಟೆಯ ಲೈಸೆನ್ಸ್ ಅಲ್ಲ. ಬೆಳೆಗೆ ನುಗ್ಗುವ ಪ್ರಾಣಿಯ ವಿಚಾರದಲ್ಲೂ ಅರಣ್ಯ ಇಲಾಖೆಯ ಅಧಿಕಾರವುಳ್ಳವರ ಲಿಖಿತ ಆದೇಶ ಬೇಕು.

ಹಾಗಂತ ದೂರದ ಪ್ರಾಣಿಯನ್ನು ಹುಡುಕುವ, ಹೊಂಚುವ, ಗಂಟೆಗಟ್ಟಲೆ ಕಾಯುವ ಖುಷಿ ಎಲ್ಲೂ ಹೋಗಿಲ್ಲ. ಪಕ್ಷಿತಜ್ಞ ಸಲೀಂ ಅಲಿ ಬಾಲ್ಯದಲ್ಲಿ ಏರ್‌ಗನ್ನಿನಿಂದ ಗುಬ್ಬಿ ಹೊಡೆದವರೇ. ಹೊಡೆದ ಹಕ್ಕಿ ಯಾವುದು ಅನ್ನುವ ಕುತೂಹಲ ಅವರ ಬದುಕನ್ನೇ ತಿರುಗಿಸಿತು. ಆ ದಾರಿಗೆ ಬೇಕಾದ ಮೊದಲ ಸಾಮಾನು ಬೈನಾಕ್ಯುಲರ್.

8x42 ಅಂದರೇನು?

ಮೊದಲ ಅಂಕಿ, ಎಷ್ಟು ಪಟ್ಟು ಹತ್ತಿರ ಕಾಣುತ್ತೆ ಅನ್ನುವುದು. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಹೊಸಬರು ಮೊದಲ ಅಂಕಿ ದೊಡ್ಡದಾದಷ್ಟೂ ಒಳ್ಳೇದು ಅಂದ್ಕೊಳ್ತಾರೆ. ಲೆಕ್ಕ ನೋಡಿ: 200 ಮೀಟರ್ ದೂರದ ಹಕ್ಕಿ 10xನಲ್ಲಿ 20 ಮೀಟರಿನಲ್ಲಿ ಇದ್ದಂತೆ, 8xನಲ್ಲಿ 25 ಮೀಟರಿನಲ್ಲಿ ಇದ್ದಂತೆ ಕಾಣುತ್ತೆ. ಅಷ್ಟೇ ವ್ಯತ್ಯಾಸ. ಆದರೆ ಪಟ್ಟು ಹೆಚ್ಚಿದಂತೆ ಕೈನಡುಕವೂ ಹಿಗ್ಗುತ್ತೆ, ಕಾಣುವ ಜಾಗ ಕಿರಿದಾಗುತ್ತೆ, ಹಾರುವ ಹಕ್ಕಿ ತಪ್ಪಿಹೋಗುತ್ತೆ.

ಎರಡನೇ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿ. 8x42ಗೆ 5.25 ಬರುತ್ತೆ, ಜೇಬಿನಲ್ಲಿ ಹಿಡಿಯುವ 10x25ಗೆ ಬರೀ 2.5. ಇದು ಕಣ್ಣಿಗೆ ತಲುಪುವ ಬೆಳಕಿನ ಕಿಂಡಿಯ ಅಗಲ. ಪ್ರಾಣಿ-ಪಕ್ಷಿ ಚುರುಕಾಗಿರುವ ನಸುಕು-ಮುಸ್ಸಂಜೆಯಲ್ಲಿ ಚಿಕ್ಕ ಕಿಂಡಿ ಕೈಕೊಡುತ್ತೆ. ಹೊಸಬರಿಗೆ 8x42 ಸಾಕು. ಕನ್ನಡಕ ಹಾಕುವವರು ಐ ರಿಲೀಫ್ 15 ಮಿ.ಮೀ.ಗಿಂತ ಹೆಚ್ಚಿರುವುದನ್ನೇ ಆರಿಸಿ.

ಯಾವುದು ಬೇಡ?

ರೈಫಲ್ ಸ್ಕೋಪ್ ಬೇಡ. ಒಂದೇ ಕಣ್ಣು, ಕಿರಿದಾದ ನೋಟ. ಬಂದೂಕಿನ ಮೇಲಿಲ್ಲದಿದ್ದರೆ ಅದರಿಂದ ಹೆಚ್ಚು ಉಪಯೋಗವಿಲ್ಲ. ಅಗ್ಗದ ಜೂಮ್ ಬೈನಾಕ್ಯುಲರ್ ಬೇಡ, ಪಟ್ಟು ಏರಿಸಿದರೆ ಚಿತ್ರ ಮಂಕಾಗುತ್ತೆ. 20-60 ಪಟ್ಟಿನ ಸ್ಪಾಟಿಂಗ್ ಸ್ಕೋಪ್ ಒಳ್ಳೆಯದೇ, ಆದರೆ ಗಟ್ಟಿ ಟ್ರೈಪಾಡ್ ಇಲ್ಲದೆ ಕೆಲಸಕ್ಕೆ ಬಾರದು. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ನೆಲದ ಕಾವಿಗೆ ಗಾಳಿ ಕುದಿಯುತ್ತಿರುವಾಗ 60 ಪಟ್ಟಿನಲ್ಲಿ ಕಾಣೋದು ಹಕ್ಕಿಯಲ್ಲ, ಅಲೆ.

ಅಂಗಡಿಯಲ್ಲಿ ಏನು ನೋಡಬೇಕು?

ಒಳಗೆ ನಿಂತು ಗೋಡೆ ನೋಡಬೇಡಿ. ಹೊರಗೆ ಬಂದು ಪಿ.ಬಿ. ರಸ್ತೆಯ ಆಚೆ ತುದಿಯ ಬೋರ್ಡು ಓದಿ. ಅಕ್ಷರ ಎರಡೆರಡು ಕಂಡರೆ, ಅಂಚಿನಲ್ಲಿ ನೇರಳೆ ಬಣ್ಣ ತುಂಬಾ ಇಣುಕಿದರೆ, ಐದು ನಿಮಿಷಕ್ಕೇ ತಲೆ ಹಿಡಿದುಕೊಂಡರೆ ವಾಪಸ್ ಕೊಡಿ. ಕತ್ತಿಗೆ ಹಾಕಿಕೊಂಡು ಹತ್ತು ನಿಮಿಷ ಓಡಾಡಿ. 700 ಗ್ರಾಂ ತೂಕ ಕೈಗೆ ಹಗುರ, ಕತ್ತಿಗಲ್ಲ.

ಎಲ್ಲಿಂದ ಶುರು?

ವನ್ಯಧಾಮಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅದಕ್ಕಿಂತ ಮೊದಲು ಹರಿಹರದ ತುಂಗಭದ್ರೆಯ ದಡ, ಕೊಂಡಜ್ಜಿ ಕೆರೆ, ಚನ್ನಗಿರಿ ಕಡೆಯ ಸೂಳೆಕೆರೆ ಇವೆ. ಮಿಂಚುಳ್ಳಿ, ನೀರುಕಾಗೆ, ಬಕ ಸಾಕು ಕಲಿಯೋಕೆ. ಬೆಳಿಗ್ಗೆ ಸೂರ್ಯನಿಗೆ ಬೆನ್ನು ಮಾಡಿ ಕೂತುಕೊಳ್ಳಿ. ಗೂಡಿನ ಹತ್ತಿರ ಹೋಗಬೇಡಿ, ಬೈನಾಕ್ಯುಲರಿನಿಂದ ಸೂರ್ಯನನ್ನು ಎಂದೂ ನೋಡಬೇಡಿ.

ಕ್ಯಾಮೆರಾ, ದೊಡ್ಡ ಲೆನ್ಸು ಆಮೇಲೆ. ಮೊದಲ ಆರು ತಿಂಗಳು ಒಂದು ಬೈನಾಕ್ಯುಲರ್, ಒಂದು ನೋಟ್‌ಬುಕ್ ಸಾಕು. ಕಂಡದ್ದನ್ನು ತಾರೀಖು ಹಾಕಿ ಬರೆದಿಡಿ. ಗುಂಡು ಹೊಡೆದಿದ್ದರೆ ಆ ಹಕ್ಕಿ ಅವತ್ತೇ ಮುಗಿದುಹೋಗುತ್ತಿತ್ತು. ನೋಡಿ ಬಂದ ಹಕ್ಕಿ ಮುಂದಿನ ಭಾನುವಾರವೂ ಅಲ್ಲೇ ಸಿಗಬಹುದು.