ಅವ್ವನ ಕ್ಯಾಸೆಟ್ಟು ಮತ್ತ ಸುಯ್ಯನ್ನೋ ಸದ್ದಿನ ಕಥಿ

ಅಕ್ಕಾರ, ನಮ್ಮವ್ವ ಬೀಸುವಾಗ ಹಾಡಿದ ಪದದ ಕ್ಯಾಸೆಟ್ಟೊಂದು ಟ್ರಂಕಿನಾಗಿತ್ತು. 1986ರಾಗ ನಮ್ಮಣ್ಣ ರೆಕಾರ್ಡ್ ಮಾಡಿದ್ದು. ಅವ್ವನ ದನಿ ಅಂತ ಉಳಿದದ್ದು ಅದೊಂದ. ಟೇಪು ಹಾಳಾಗೂ ಮೊದಲ ಕಂಪ್ಯೂಟರಿಗೆ ಇಳಿಸೋಣ ಅಂತ ಕುಂತೆ. ಹಚ್ಚಿದ್ರ ಎರಡು ಸದ್ದು: ಒಂದು ಗುಂಯ್ ಅಂತ, ಇನ್ನೊಂದು ಸುಯ್ ಅಂತ. ಮಗಗ ಫೋನ್ ಮಾಡಿದೆ. "ಅವ್ವಾ, ಅವೆರಡಕ್ಕೂ ಔಷಧ ಬ್ಯಾರೆ ಬ್ಯಾರೆ" ಅಂದ.

ಗುಂಯ್ ಅನ್ನೋದು ಕರೆಂಟಿನ ಸದ್ದು. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ಹಿಂದ ಮುಂದ ಆಗ್ತದ, ಅಮೆರಿಕಾದಾಗ 60 ಸಲ. ಕಂಪ್ಯೂಟರು ಒಂದು ಬೋರ್ಡಿಗೆ, ಟೇಪಿನ ಆಂಪ್ಲಿಫೈಯರು ಒಳಗಿನ ಖೋಲಿ ಬೋರ್ಡಿಗೆ ಇದ್ದು, ನಡುವ ಆಡಿಯೋ ವೈರು ಹಾಕಿದ್ರ ಅರ್ಥಿಂಗಿಗೆ ಎರಡು ದಾರಿ ಆಗ್ತದ. ಆ ಸುತ್ತಿನಾಗ ಕರೆಂಟಿನ ಗುಂಯ್ ಸೇರ್ಕೊಂತದ. ಎರಡೂ ಒಂದ ಬೋರ್ಡಿಗೆ ಹಾಕಿದೆ, ಹೋತು. ಆದ್ರ ಸದ್ದು ಹೋಗಲಿ ಅಂತ ಅರ್ಥಿನ ಪಿನ್ನು ಮಾತ್ರ ಕೀಳಬ್ಯಾಡ್ರಿ, ಶಾಕ್ ಹೊಡದೀತು.

ಸುಯ್ ಅನ್ನೋದು ಟೇಪಿನದ ಸದ್ದು. ಅದರ ಕಥಿ ದೊಡ್ಡದು. ಫಿಲಿಪ್ಸ್ ಕಂಪನಿ 1963ರಾಗ ಕ್ಯಾಸೆಟ್ ತಂದಾಗ ಅದು ಮಾತು ರೆಕಾರ್ಡ್ ಮಾಡಾಕ ಅಂತ ಇತ್ತು, ಸಂಗೀತಕ್ಕಲ್ಲ. ಟೇಪು 4 ಮಿಲಿಮೀಟರಿಗಿಂತ ಸಣ್ಣದು, ಓಡೋದೂ ನಿಧಾನ, ಹಿಂಗಾಗಿ ಸುಯ್ ಸದ್ದು ಜಾಸ್ತಿ.

ಇದಕ್ಕ ಔಷಧ ಹುಡುಕಿದಾಂವ ರೇ ಡಾಲ್ಬಿ ಅನ್ನೋ ಅಮೆರಿಕಾದ ಎಂಜಿನಿಯರು. ಸಿನಿಮಾ ಟಾಕೀಸಿನಾಗ ನೋಡ್ತೀವಲ್ಲ, ಆ ಡಾಲ್ಬಿ ಹೆಸರು ಇವಂದ! 1963ರಿಂದ ಎರಡು ವರ್ಷ ಇಂವ ವಿಶ್ವಸಂಸ್ಥೆ ಸಲಹೆಗಾರ ಆಗಿ ನಮ್ಮ ಭಾರತದಾಗ ಇದ್ದ. 1965ರಾಗ ಲಂಡನ್ನಿಗೆ ಹೋಗಿ ಕಂಪನಿ ತಗದ. ಮೊದಲು ಸ್ಟುಡಿಯೋದವರಿಗೆ ಯಂತ್ರ ಮಾಡಿದ, 1968ರಾಗ ಮನಿ ಟೇಪಿಗೂ ಡಾಲ್ಬಿ ಬಿ ಅಂತ ಬಂತು.

ಅವನ ಯುಕ್ತಿ ಏನಪಾ ಅಂದ್ರ, ರೆಕಾರ್ಡ್ ಮಾಡುವಾಗ ಮೆಲ್ಲಗಿನ ಸಣ್ಣ ಸ್ವರಗಳನ್ನ ಬೇಕಂತ ಏರಿಸೋದು. ಕೇಳುವಾಗ ಏರಿಸಿದಷ್ಟ ಇಳಿಸೋದು. ಸ್ವರ ಮೊದಲಿನಂಗ ಆಗ್ತದ, ನಡುವ ಟೇಪಿನಿಂದ ಸೇರಿದ ಸುಯ್ ಮಾತ್ರ ಇಳೀತದ. ಆದ್ರ ಅವ್ವನ ಕ್ಯಾಸೆಟ್ಟು ಸಾದಾ ಟೇಪಿನಾಗ ತುಂಬಿದ್ದು. ಮೊದಲ ಏರಿಸಿಲ್ಲದ್ದಕ್ಕ ಡಾಲ್ಬಿ ಬಟನ್ ಒತ್ತಿದ್ರ ಅವ್ವನ ದನೀನ ಮಂಕಾತು.

ಆಮ್ಯಾಲೆ ಮಗ ಆಡಾಸಿಟಿ ಅನ್ನೋ ಪುಕ್ಕಟೆ ಪ್ರೋಗ್ರಾಮ್ ಹಾಕಿಸಿದ. ಅದು 2000ದಿಂದ ಐತಿ. ಪದ ಶುರು ಆಗೂ ಮೊದಲಿನ ಖಾಲಿ ಜಾಗ ಆರಿಸಿ "ಇದ ನೋಡು ಕಸ" ಅಂತ ತೋರಿಸಬೇಕು. ಅಂಥಾದ್ದನ್ನ ಇಡೀ ಪದದಾಗಿಂದ ಇಳಸ್ತದ.

ನಾ ಮೊದಲನೇ ಸಲ ತೋರಿಸಿದ ಜಾಗದಾಗ ಬೀಸೂಕಲ್ಲಿನ ಸದ್ದೂ ಇತ್ತು. ಕಂಪ್ಯೂಟರು ಅದನ್ನೂ ಕಸ ಅಂತ ತಗೀತು. ಅವ್ವ ನೀರಾಗ ಕುಂತು ಹಾಡಿದಂಗ ಕೇಳಿಸ್ತು, ಕಣ್ಣಾಗ ನೀರು ಬಂತು. ನಾವು ಜೋಳ ಕೇರುವಾಗ ಜೋರಾಗಿ ಕೇರಿದ್ರ ಹೊಟ್ಟಿನ ಜೋಡಿ ಕಾಳೂ ಹಾರ್ತಾವಲ್ಲ, ಹಂಗ. ಕಲ್ಲು ತಿರುಗೂ ಮೊದಲಿನ ಎರಡು ಸೆಕೆಂಡು ಅಷ್ಟ ತೋರಿಸಿ, ಸ್ವಲ್ಪ ಸುಯ್ ಹಂಗ ಬಿಟ್ಟೆ. ಈಗ ಕಲ್ಲೂ ಐತಿ, ಅವ್ವನೂ ಅದಾಳ.

ನಿಮ್ಮನ್ಯಾಗೂ ಹಳೇ ಕ್ಯಾಸೆಟ್ಟಿದ್ರ ತರ್ರಿ, ಇಳಿಸಿಕೊಡ್ತೀನಿ. ಮೂಲ ಕ್ಯಾಸೆಟ್ಟು ಮಾತ್ರ ಒಗೀಬ್ಯಾಡ್ರಿ.