ಥೇಮ್ಸ್ ದಂಡೆಯ ಕೋಡೊಲೆ

ಅವ್ವ ಒಲೆ ಮೇಲೆ ಅನ್ನಕ್ಕಿಟ್ರೆ ಪಕ್ಕದ ಕೋಡೊಲೆ ಮೇಲೆ ನೀರು ಕಾಯ್ತಿತ್ತು. ಸೌದೆ ಒಂದೇ, ಕೆಲಸ ಎರಡು. ಲಂಡನ್ನಿನ ಬ್ಯಾಟರ್ಸೀ ಕಲ್ಲಿದ್ದಲು ಸ್ಥಾವರ 1950ರಲ್ಲಿ ಮಾಡಿದ್ದೂ ಇದನ್ನೇ. ಟರ್ಬೈನ್ ತಿರುಗಿಸಿದ ಹಬೆಯಲ್ಲಿ ಉಳಿದ ಬಿಸಿ ಅಲ್ಲಿಯವರೆಗೆ ಥೇಮ್ಸ್ ನದಿ ಪಾಲಾಗುತ್ತಿತ್ತು. ಅದರಲ್ಲೊಂದಿಷ್ಟನ್ನು ನೀರಿಗೆ ದಾಟಿಸಿ, ನದಿಯಡಿಯ ಪೈಪುಗಳಲ್ಲಿ ಆಚೆ ದಡದ ಪಿಮ್ಲಿಕೋದ ಹೊಸ ಮನೆಗಳಿಗೆ ಕಳಿಸಿದರು.

1952ರ ಡಿಸೆಂಬರಿನಲ್ಲಿ ಹೊಗೆಮಂಜು ಕವಿದು ಲಂಡನ್ನಿನಲ್ಲಿ ಸಾವಿರಾರು ಜನ ಸತ್ತರು. ಮನೆಮನೆಯ ಕಲ್ಲಿದ್ದಲು ಒಲೆಯದೂ ಅದರಲ್ಲಿ ದೊಡ್ಡ ಪಾಲಿತ್ತು. ಈ ಮನೆಗಳಲ್ಲಿ ಚಳಿಗೆ ಒಲೆ ಹಚ್ಚೋ ಅಗತ್ಯವೇ ಇರಲಿಲ್ಲ. (ಸ್ಥಾವರ ಬಿಡುತ್ತಿದ್ದುದೂ ಹೊಗೆಯೇ, ಅದು ಬೇರೆ ಮಾತು.)

ಕರೆಂಟು ಬೇಕಾದ ಹೊತ್ತಿಗೇ ಬಿಸಿನೀರು ಬೇಕಾಗಲ್ಲವಲ್ಲ, ಅದಕ್ಕೆ ಗಾಜಿನ ಗೋಪುರದೊಳಗೆ ಭಾರೀ ಟ್ಯಾಂಕು. ಸಾಫ್ಟ್‌ವೇರ್‌ನೋರು ನಾವು ಬಫರ್ ಅಂತೀವಿ, ಅವ್ವ ಹಂಡೆ ಅಂತಾಳೆ. 1983ರಲ್ಲಿ ಬ್ಯಾಟರ್ಸೀ ನಿಂತಿತು, ಈಗಲ್ಲಿ ಮಾಲಿದೆ. ಪಿಮ್ಲಿಕೋ ತನ್ನದೇ ಬಾಯ್ಲರ್ ಹಾಕಿಕೊಂಡಿದೆ, ಹಂಡೆ ಮಾತ್ರ ಅದೇ.