ಮಸಾಡದ ಮಣ್ಣು ಸೋಸಿದವರು

ನೆಲವನ್ನಗೆದು ಹಳೆಯ ಊರುಗಳನ್ನು ಹೊರತೆಗೆಯುವ ಕೆಲಸದಲ್ಲಿ ಪಂಡಿತನಲ್ಲದವನಿಗೂ ಪ್ರವೇಶವುಂಟೆ ಎಂದು ವಿದ್ಯಾರ್ಥಿಗಳು ನನ್ನನ್ನು ಕೇಳುವುದುಂಟು. ಉಂಟು ಎನ್ನಲು ನಾನು ಕೊಡುವ ನಿದರ್ಶನ ಇಸ್ರೇಲಿನ ಮಸಾಡ.

1963ರಲ್ಲಿ ಆ ದೇಶದ ಪತ್ರಿಕೆಗಳಲ್ಲಿಯೂ ಲಂಡನ್ನಿನ ‘ಅಬ್ಸರ್ವರ್’ನಲ್ಲಿಯೂ ಒಂದು ಪ್ರಕಟಣೆ ಬಂದಿತು. ಮೃತ ಸಮುದ್ರದ ಬದಿಯಲ್ಲಿ ಸಾವಿರ ಅಡಿಗೂ ಮೀರಿ ಎದ್ದುನಿಂತ ಮಸಾಡ ಬಂಡೆಯ ಮೇಲೆ ಅಗೆಯಲು ಸ್ವಯಂಸೇವಕರು ಬೇಕಾಗಿದ್ದರು. ಹೋಗಿಬರುವ ವೆಚ್ಚ ಅವರದೇ, ಎರಡು ವಾರವಾದರೂ ಇರಲೇಬೇಕು, ವಾಸಕ್ಕೆ ಗುಡಾರ. ಇಂಥ ಕರೆಗೆ ಯಾರು ಓಗೊಟ್ಟಾರು? 28 ದೇಶಗಳಿಂದ ಸಾವಿರಾರು ಜನ ಬಂದರು! ಉತ್ಖನನದ ಮುಖ್ಯಸ್ಥರಾದ ಯಿಗಾಯಲ್ ಯಾದೀನರು ಹಿಂದೆ ಸೇನೆಯ ದಂಡನಾಯಕರಾಗಿದ್ದವರು. ಅಷ್ಟು ಜನಕ್ಕೆ ಅನ್ನ, ನೀರು, ಕೆಲಸ ಒದಗಿಸಲು ಆ ಅನುಭವ ನೆರವಿಗೆ ಬಂದಿರಲೇಬೇಕು. 1965ರ ವರೆಗೆ ಎರಡು ಋತುಗಳಲ್ಲಿ ಕೆಲಸ ನಡೆಯಿತು.

ಬಂದವರಲ್ಲಿ ಅನೇಕರ ಕೈಗೆ ಸಿಕ್ಕಿದ್ದು ಜರಡಿ. ಅಗೆದ ಮಣ್ಣನ್ನೆಲ್ಲ ಸೋಸಬೇಕು, ದೂಳು ಕುಡಿಯಬೇಕು. ನಾಣ್ಯಗಳೂ ಬರಹವಿದ್ದ ಮಡಕೆಯ ಚೂರುಗಳೂ ದೊರೆತದ್ದು ಈ ತಾಳ್ಮೆಯಿಂದಲೇ. ಉತ್ಖನನವೆಂದರೆ ಓಲೆಗರಿಯನ್ನು ಓದುತ್ತ ಓದುತ್ತ ಹರಿದುಹಾಕಿದಂತೆ. ಕದಡಿದ ಪದರವನ್ನು ಮತ್ತೆ ಜೋಡಿಸಲಾಗದು. ಯಾವ ಚೂರು ಎಲ್ಲಿತ್ತೆಂದು ಗುರುತು ಮಾಡುವವನ ಹೊಣೆ ಪಂಡಿತನ ಹೊಣೆಗಿಂತ ಕಿರಿದಲ್ಲ.

ಕ್ರಿ.ಶ. 73 ಅಥವಾ 74ರಲ್ಲಿ ರೋಮನ್ ಸೈನ್ಯ ಈ ಕೋಟೆಯನ್ನು ಹಿಡಿದಾಗ 960 ಮಂದಿ ಯೆಹೂದ್ಯರು ಸೆರೆಗಿಂತ ಸಾವೇ ಲೇಸೆಂದು ಪ್ರಾಣ ನೀಗಿದ್ದರೆಂದೂ, ಕೊನೆಯಲ್ಲಿ ಹತ್ತು ಮಂದಿಯನ್ನು ಚೀಟಿ ಎತ್ತಿ ಆರಿಸಿ ಉಳಿದವರನ್ನು ಕೊಲ್ಲಿಸಿದರೆಂದೂ ಜೋಸೆಫಸ್ ಬರೆದಿದ್ದಾನೆ. ಉತ್ಖನನದಲ್ಲಿ ಒಂದೆಡೆ 11 ಚೂರುಗಳು ಸಿಕ್ಕಿದವು. ಒಂದೊಂದರ ಮೇಲೆ ಒಂದೊಂದು ಹೆಸರು. ಒಂದರಲ್ಲಿ ‘ಬೆನ್ ಯಾಯಿರ್’, ಕೋಟೆಯ ನಾಯಕನ ಹೆಸರು! ಇವೇ ಆ ಚೀಟಿಗಳಿರಬಹುದೆಂದು ಯಾದೀನರು ಊಹಿಸಿದರು.

ಹತ್ತು ಜನಕ್ಕೆ ಹನ್ನೊಂದು ಚೂರೇಕೆ? ಮಸಾಡದಲ್ಲಿ ಬರಹವುಳ್ಳ ಚೂರುಗಳು 700ಕ್ಕೂ ಹೆಚ್ಚು ಸಿಕ್ಕಿವೆ. ಅವುಗಳಲ್ಲಿ ಹಲವು ಪಡಿ ಹಂಚಲು ಬಳಸಿದವೆಂದು ತೋರುತ್ತದೆ. ಇವೂ ಅಂಥವೇ ಏಕಾಗಿರಬಾರದು ಎಂದು ಅನಂತರದ ವಿದ್ವಾಂಸರು ಕೇಳಿದ್ದಾರೆ. ಶಾಸನಗಳೊಡನೆ ಹೆಣಗುವ ನನಗೂ ಈ ಸಂದೇಹವೇ ಹೆಚ್ಚು ಸಮಂಜಸವೆನಿಸುತ್ತದೆ. ಜೋಸೆಫಸನ ಕಥೆಯನ್ನು ಸಂಶಯಿಸುವವರೂ ಇದ್ದಾರೆ. ಆದರೆ ಈ ವಾದವೆಲ್ಲ ಸಾಧ್ಯವಾದದ್ದು, ಹತ್ತರ ಲೆಕ್ಕಕ್ಕೆ ಹೊಂದದ ಹನ್ನೊಂದನೆಯ ಚೂರೂ ಉಳಿದವುಗಳೊಡನೆ ಜೋಪಾನವಾಗಿ ಸೇರಿದ್ದರಿಂದ.

ಇಸ್ರೇಲಿನ ಉತ್ಖನನಗಳಿಗೆ ಇಂದಿಗೂ ಬೇಸಗೆಯಲ್ಲಿ ಸ್ವಯಂಸೇವಕರನ್ನು ಕರೆಯುವುದುಂಟು. ಕೂಲಿ ಈಗಲೂ ಇಲ್ಲ. ಎಷ್ಟೋ ಕಡೆ ಊಟ ವಸತಿಗೂ ತಾವೇ ಹಣ ಕಟ್ಟಬೇಕು.